ಹಲ್ಲಿನ ಕಲೆಯ ಬೆನ್ನು ಹತ್ತಿದ ವೈದ್ಯ ಫ್ರೆಡರಿಕ್ ಮೆಕೇ

ಮಾಗಡಿ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕುದೂರಿನ ಸುತ್ತ ಎತ್ತ ನೋಡಿದರೂ ಕಣ್ಣಿಗೆ ಬೀಳುವುದು ಬಂಡೆ. ಊರಿನ ಸನಿಹದಲ್ಲೇ ಭೈರವನದುರ್ಗವಿದೆ. ಅದೇ ತಾಲ್ಲೂಕಿನಲ್ಲಿ ಸಾವನದುರ್ಗವಿದ್ದರೆ, ಅದರಾಚೆಗೆ ರಾಮನಗರದ ಬೆಟ್ಟಗಳು. ಈ ಸೀಮೆಯ ಶಿಲಾಪಟ್ಟಿಯನ್ನು ಭೂವಿಜ್ಞಾನಿಗಳು ರಾಮನಗರದ ಹಳೆಯ ಹೆಸರು ಸೇರಿಸಿ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಈ ಪಟ್ಟಿ ಉತ್ತರಕ್ಕೆ ತುಮಕೂರು ಜಿಲ್ಲೆಯನ್ನು ಹಾದು ಬಳ್ಳಾರಿಯ ಕಡೆಗೆ ಸಾಗುತ್ತದೆ. ಬಯಲುಸೀಮೆಯ ಕೊಳವೆಬಾವಿಗಳು ಮೇಲೆತ್ತುವುದು ಇಂತಹ ಬಂಡೆಗಳ ಬಿರುಕುಗಳಲ್ಲಿ ನಿಂತ ನೀರನ್ನು. ಬಂಡೆಯಲ್ಲಿರುವ ಖನಿಜಗಳು ವರ್ಷಾನುಗಟ್ಟಲೆ ಆ ನೀರಿನಲ್ಲಿ ಕರಗುತ್ತವೆ. ಹಾಗೆ ಕರಗುವ ವಸ್ತುಗಳಲ್ಲಿ ಫ್ಲೋರೈಡ್ ಕೂಡ ಒಂದು.

ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ ಎಂಬ ಸಂಗತಿ ಇಂದು ಪಾವಗಡ, ಕೋಲಾರ, ಮುಂಡರಗಿಯ ಹಳ್ಳಿಗರಿಗೂ ಪರಿಚಿತ. ಆದರೆ ನೂರು ವರ್ಷಗಳ ಹಿಂದೆ ಜಗತ್ತಿನ ಯಾವ ವಿಶ್ವವಿದ್ಯಾಲಯಕ್ಕೂ ಇದು ತಿಳಿದಿರಲಿಲ್ಲ. ಈ ಸತ್ಯ ಹೊರಬಂದದ್ದು ಅಮೆರಿಕದ ಒಂದು ಸಣ್ಣ ಊರಿನ ದಂತ ವೈದ್ಯರ ಛಲದಿಂದ. ಅವರ ಹೆಸರು ಫ್ರೆಡರಿಕ್ ಸಮ್ನರ್ ಮೆಕೇ. ರೋಗಿಯ ಬಾಯಲ್ಲಿ ಕಂಡ ಪ್ರಶ್ನೆಯನ್ನು ಅವರು ಸಂಶೋಧನಾಲಯಕ್ಕೆ ಒಯ್ದರು. ಅಲ್ಲಿ ದೊರೆತ ಉತ್ತರವನ್ನು ಊರಿನ ನಲ್ಲಿಯವರೆಗೆ ತಂದರು. ಈ ಪಯಣಕ್ಕೆ ತಗುಲಿದ ಕಾಲ ಮೂವತ್ತು ವರ್ಷ.

ಪರ್ವತದ ಬುಡದ ಊರು

ಮೆಕೇ ಜನಿಸಿದ್ದು 1874ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಪಟ್ಟಣದಲ್ಲಿ. 1900ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ದಂತ ವೈದ್ಯಕೀಯ ಪದವಿ ಪಡೆದರು. ಮರುವರ್ಷ ಪಶ್ಚಿಮದ ಕಡೆಗೆ ಹೊರಟು ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಚಿಕಿತ್ಸಾಲಯ ತೆರೆದರು. ಪೈಕ್ಸ್ ಪೀಕ್ ಎಂಬ ಬೃಹತ್ ಗ್ರಾನೈಟ್ ಪರ್ವತದ ಬುಡದಲ್ಲಿರುವ ಊರು ಅದು.

ಚಿಕಿತ್ಸಾಲಯಕ್ಕೆ ಬಂದವರು ಬಾಯಿ ತೆರೆದಾಗ ಯುವ ವೈದ್ಯರು ಬೆರಗಾದರು. ಊರಿನಲ್ಲೇ ಹುಟ್ಟಿ ಬೆಳೆದ ಅನೇಕರ ಹಲ್ಲುಗಳ ಮೇಲೆ ಸುಣ್ಣದ ಮಚ್ಚೆಗಳಂತಹ ಬಿಳಿ ಗುರುತುಗಳಿದ್ದವು. ಕೆಲವರ ಹಲ್ಲು ಚಾಕೊಲೇಟ್ ಬಣ್ಣಕ್ಕೆ ತಿರುಗಿತ್ತು. ಎಷ್ಟು ಉಜ್ಜಿದರೂ ಆ ಕಲೆ ಹೋಗುತ್ತಿರಲಿಲ್ಲ. ಮೆಕೇ ತಮ್ಮ ಪಠ್ಯಪುಸ್ತಕಗಳನ್ನು ತಿರುವಿ ಹಾಕಿದರು. ಎಲ್ಲಿಯೂ ಇದರ ಪ್ರಸ್ತಾಪ ಸಿಗಲಿಲ್ಲ.

ಊರಿನವರ ಬಳಿ ಮಾತ್ರ ವಿವರಣೆಗಳಿಗೆ ಕೊರತೆ ಇರಲಿಲ್ಲ. ಹಂದಿ ಮಾಂಸ ಹೆಚ್ಚಾಗಿ ತಿನ್ನುವುದರಿಂದ ಹೀಗಾಗುತ್ತದೆ ಎಂದು ಕೆಲವರು ನಂಬಿದ್ದರು. ಕಳಪೆ ಹಾಲು ಕಾರಣ ಎಂಬುದು ಇನ್ನು ಕೆಲವರ ಅಭಿಪ್ರಾಯ. ನೀರಿನಲ್ಲಿರುವ ಸುಣ್ಣದ ಅಂಶದ ಮೇಲೆ ಬೊಟ್ಟು ಮಾಡಿದವರೂ ಉಂಟು. ಊರಿನ ಇತರ ದಂತ ವೈದ್ಯರು ಇದನ್ನು ಊರಿನ ಸಹಜ ಲಕ್ಷಣವೆಂಬಂತೆ ಒಪ್ಪಿಕೊಂಡಿದ್ದರು. ಹೊರಗಿನಿಂದ ಬಂದ ಮೆಕೇ ಅವರಿಗೆ ಹಾಗೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ಮಧ್ಯೆ ಕೆಲವು ವರ್ಷ ಸೇಂಟ್ ಲೂಯಿಸ್ ನಗರಕ್ಕೆ ಹೋಗಿದ್ದ ಅವರು 1908ರಲ್ಲಿ ಮರಳಿ ಬಂದಾಗ ಕಲೆ ಮೊದಲಿನಂತೆಯೇ ಇತ್ತು. ಅದರ ಮೂಲ ಹುಡುಕಲು ಅವರು ನಿಶ್ಚಯಿಸಿದರು.

ನಂಬದಿದ್ದ ವಿದ್ವಾಂಸ

ಆ ಕಾಲದ ದಂತ ವಿಜ್ಞಾನದಲ್ಲಿ ಗ್ರೀನ್ ವಾರ್ಡಿಮನ್ ಬ್ಲ್ಯಾಕ್ ಅವರ ಹೆಸರಿಗೆ ಸರಿಸಾಟಿ ಇರಲಿಲ್ಲ. ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ದಂತ ವೈದ್ಯಕೀಯ ಶಾಲೆಯ ಡೀನ್ ಆಗಿದ್ದ ಅವರು ಹುಳುಕು ಹಲ್ಲುಗಳಿಗೆ ರೂಪಿಸಿದ ವರ್ಗೀಕರಣವನ್ನು ನಮ್ಮ ರಾಜ್ಯದ ದಂತ ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಮೆಕೇ ಈ ಹಿರಿಯರ ಮೊರೆ ಹೋದರು. ಇಷ್ಟು ವ್ಯಾಪಕವಾದ ದೋಷವೊಂದು ವೈದ್ಯಕೀಯ ಸಾಹಿತ್ಯದ ಕಣ್ಣಿಗೆ ಬೀಳದೆ ಉಳಿದಿರುವುದು ಅಸಾಧ್ಯ ಎಂಬುದು ಬ್ಲ್ಯಾಕ್ ಅವರ ಮೊದಲ ನಿಲುವಾಗಿತ್ತು.

ವಾದದಿಂದ ಅವರನ್ನು ಒಲಿಸುವುದು ಕಷ್ಟವಿತ್ತು. ಅಂಕಿ ಅಂಶ ಆ ಕೆಲಸ ಮಾಡಿತು. ಊರಿನ ದಂತ ವೈದ್ಯರು ಒಟ್ಟಾಗಿ 1909ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನ ಶಾಲೆಗಳಲ್ಲಿ 2,945 ಮಕ್ಕಳ ಹಲ್ಲುಗಳನ್ನು ಪರೀಕ್ಷಿಸಿದರು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಲ್ಲಿ ಶೇ 87.5ರಷ್ಟು ಮಂದಿಗೆ ಕಲೆಗಳಿದ್ದವು. ಆಗ ಎಪ್ಪತ್ತು ದಾಟಿದ್ದ ಬ್ಲ್ಯಾಕ್ ಅದೇ ವರ್ಷ ಕೊಲರಾಡೊಗೆ ಬಂದರು. ಬೀದಿಯಲ್ಲಿ ಆಡುವ ಮಕ್ಕಳ ಹಲ್ಲನ್ನು ಕಣ್ಣಾರೆ ಕಂಡು ದಂಗಾದರು.

ಅಲ್ಲಿಂದ 1915ರಲ್ಲಿ ಕೊನೆಯುಸಿರೆಳೆಯುವವರೆಗೆ ಬ್ಲ್ಯಾಕ್ ಈ ಕಲೆಯ ಅಧ್ಯಯನದಲ್ಲಿ ತೊಡಗಿದ್ದರು. ಮೆಕೇ ಹಳ್ಳಿಪಟ್ಟಣಗಳಿಂದ ಮಾಹಿತಿ ಕಲೆಹಾಕಿದರೆ ಬ್ಲ್ಯಾಕ್ ಸೂಕ್ಷ್ಮದರ್ಶಕದ ಅಡಿಯಲ್ಲಿ ಹಲ್ಲಿನ ಪದರಗಳನ್ನು ಪರಿಶೀಲಿಸಿದರು. ಎನಾಮೆಲ್ ಎಂಬ ಹೊರಕವಚದ ರಚನೆಯಲ್ಲೇ ಕೊರತೆ ಇರುವುದು ಅವರಿಗೆ ಗೋಚರಿಸಿತು. ಅಂದರೆ ಕಲೆ ಹೊರಗಿನಿಂದ ಅಂಟಿದ್ದಲ್ಲ ಎಂಬುದು ಸ್ಪಷ್ಟವಾಯಿತು. ಇಬ್ಬರ ಸಂಶೋಧನೆಯ ವರದಿ ಬ್ಲ್ಯಾಕ್ ಅವರ ನಿಧನದ ನಂತರ, 1916ರಲ್ಲಿ ಪ್ರಕಟವಾಯಿತು.

ಈ ಜಂಟಿ ಶ್ರಮದಿಂದ ಎರಡು ಮಹತ್ವದ ಸಂಗತಿಗಳು ಬೆಳಕಿಗೆ ಬಂದವು. ವಸಡಿನ ಒಳಗೆ ಶಾಶ್ವತ ಹಲ್ಲುಗಳು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಮಾತ್ರ ಈ ದೋಷ ತಗುಲುತ್ತದೆ. ಹಲ್ಲು ಪೂರ್ಣ ಗಟ್ಟಿಯಾದ ಮೇಲೆ ಊರಿಗೆ ಬಂದು ನೆಲೆಸಿದವರಿಗೆ ಕಲೆ ಬರುತ್ತಿರಲಿಲ್ಲ. ಎರಡನೆಯದು ಅವರನ್ನೇ ಚಕಿತಗೊಳಿಸಿತು. ನೋಡಲು ವಿಕಾರವಾಗಿದ್ದ ಈ ಹಲ್ಲುಗಳು ಹುಳುಕಿಗೆ ಸುಲಭವಾಗಿ ಬಲಿಯಾಗುತ್ತಿರಲಿಲ್ಲ.

ಹಳೆಯ ಬಾವಿ, ಹೊಸ ಬಾವಿ

ಬ್ಲ್ಯಾಕ್ ನಿಧನದ ನಂತರ ಮೆಕೇ ಮತ್ತೆ ಒಂಟಿಯಾದರು. ನ್ಯೂಯಾರ್ಕ್‌ಗೆ ತೆರಳಿ ವಸಡಿನ ರೋಗಗಳ ತಜ್ಞರಾಗಿ ವೃತ್ತಿ ಮುಂದುವರಿಸಿದರೂ ಕಲೆಯ ಬೆನ್ನು ಬಿಡಲಿಲ್ಲ. ಒಂದೊಂದೇ ಊರಿನ ವೃತ್ತಾಂತ ಕೂಡಿಸುತ್ತ ಹೋದಂತೆ ಅವರ ಸಂಶಯ ಕುಡಿಯುವ ನೀರಿನ ಮೇಲೆ ಗಟ್ಟಿಯಾಯಿತು.

ದಕ್ಷಿಣ ಡಕೋಟಾ ರಾಜ್ಯದ ಬ್ರಿಟನ್ ಎಂಬ ಪಟ್ಟಣದ ಕಥೆ ಕರ್ನಾಟಕದ ಓದುಗರಿಗೆ ತಮ್ಮದೇ ಊರಿನದೆನಿಸಬಹುದು. ಅಲ್ಲಿನ ಜನ ಮೊದಲು ತಮ್ಮ ತಮ್ಮ ಮನೆಯ ಆಳವಿಲ್ಲದ ಬಾವಿಗಳ ನೀರು ಕುಡಿಯುತ್ತಿದ್ದರು. 1898ರಲ್ಲಿ ಊರಿಗೆಲ್ಲ ಒಂದೇ ಆಳವಾದ ಬಾವಿ ಕೊರೆಯಲಾಯಿತು. ಮೆಕೇ ಪರೀಕ್ಷಿಸಿದಾಗ, 1898ಕ್ಕೆ ಮೊದಲು ಬಾಲ್ಯ ಕಳೆದವರ ಹಲ್ಲು ಶುಭ್ರವಾಗಿತ್ತು. ನಂತರ ಅಲ್ಲಿ ಬೆಳೆದವರ ಹಲ್ಲುಗಳ ಮೇಲೆ ಕಲೆ ಇತ್ತು. ಜನ ಅವರೇ, ನೆಲ ಅದೇ. ಬದಲಾದದ್ದು ನೀರಿನ ಮೂಲವೊಂದೇ.

ನಮ್ಮ ಬಯಲುಸೀಮೆಯಲ್ಲೂ ತೆರೆದ ಬಾವಿ, ಕಲ್ಯಾಣಿ, ಕೆರೆಗಳ ನೀರು ಕುಡಿಯುತ್ತಿದ್ದ ಹಳ್ಳಿಗಳು ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕೊಳವೆಬಾವಿಗೆ ಬದಲಾದವು. ವಾಂತಿಭೇದಿ, ನಾರುಹುಣ್ಣಿನಂತಹ ರೋಗಗಳಿಂದ ಪಾರಾಗಲು ಆ ಬದಲಾವಣೆ ಅಗತ್ಯವೂ ಆಗಿತ್ತು. ಆದರೆ ಅಂತರ್ಜಲ ಕುಸಿದಂತೆ ಕೊಳವೆ ಆಳಕ್ಕಿಳಿಯಿತು, ಹಲವೆಡೆ ಅದರೊಂದಿಗೆ ಫ್ಲೋರೈಡ್ ಮೇಲೆ ಬಂತು.

ಓಕ್ಲಿಯ ತಂದೆತಾಯಿಗಳು

1923ರಲ್ಲಿ ಐಡಾಹೊ ರಾಜ್ಯದ ಓಕ್ಲಿ ಎಂಬ ಪುಟ್ಟ ಊರಿನಿಂದ ಮೆಕೇ ಅವರಿಗೆ ಕರೆ ಬಂದಿತು. ಮಕ್ಕಳ ಹಲ್ಲಿನ ಮೇಲೆ ಮೂಡುತ್ತಿದ್ದ ಕಲೆಯಿಂದ ಅಲ್ಲಿನ ತಂದೆತಾಯಿಗಳು ಕಂಗಾಲಾಗಿದ್ದರು. ಐದು ಮೈಲಿ ದೂರದ ಬಿಸಿನೀರ ಬುಗ್ಗೆಯೊಂದರಿಂದ ಊರಿಗೆ ಕೊಳವೆ ಹಾಕಿದ ನಂತರ ಈ ತೊಂದರೆ ಆರಂಭವಾಗಿದೆ ಎಂಬುದನ್ನು ಅವರೇ ಗಮನಿಸಿ ತಿಳಿಸಿದರು.

ಮೆಕೇ ಆ ನೀರನ್ನು ಪರೀಕ್ಷೆ ಮಾಡಿಸಿದರು. ಅಂದಿನ ರಾಸಾಯನಿಕ ವಿಧಾನಗಳಿಗೆ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಪ್ರಯೋಗಾಲಯದ ವರದಿಯನ್ನೇ ನೆಚ್ಚಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಮೆಕೇ ತಂದೆತಾಯಿಗಳ ಅನುಭವಕ್ಕೆ ಹೆಚ್ಚು ಬೆಲೆ ಕೊಟ್ಟರು. ಆ ಕೊಳವೆಯನ್ನು ಕೈಬಿಟ್ಟು ಬೇರೊಂದು ಬುಗ್ಗೆಯ ನೀರು ತರುವಂತೆ ಊರಿನ ಮುಖಂಡರಿಗೆ ಸಲಹೆ ನೀಡಿದರು. ಕಾರಣ ಇಂಥದ್ದೇ ಎಂದು ಹೇಳಲಾಗದ ವೈದ್ಯರ ಮಾತು ನಂಬಿ ಇಡೀ ಊರು ನೀರಿನ ಮೂಲವನ್ನೇ ಬದಲಿಸುವುದು ಸಣ್ಣ ತೀರ್ಮಾನವಾಗಿರಲಿಲ್ಲ. ಓಕ್ಲಿ ಆ ತೀರ್ಮಾನ ಕೈಗೊಂಡಿತು. 1925ರಲ್ಲಿ ಹೊಸ ನೀರು ಹರಿಯಿತು. 1933ರಲ್ಲಿ ಮೆಕೇ ಮರಳಿ ಹೋಗಿ ಮಕ್ಕಳ ಬಾಯಿ ನೋಡಿದಾಗ, ಹೊಸ ನೀರು ಕುಡಿದು ಬೆಳೆದವರ ಶಾಶ್ವತ ಹಲ್ಲುಗಳಲ್ಲಿ ಕಲೆಯ ಸುಳಿವಿರಲಿಲ್ಲ.

ಕಾರ್ಖಾನೆಯಿಂದ ಬಂದ ಪತ್ರ

ಓಕ್ಲಿಯಲ್ಲಿ ಸಿಗದ ಉತ್ತರ ಅನಿರೀಕ್ಷಿತ ಸ್ಥಳದಿಂದ ಬಂದಿತು. ಆರ್ಕನ್ಸಾ ರಾಜ್ಯದ ಬಾಕ್ಸೈಟ್ ಎಂಬ ಊರು ಅಲ್ಕೋವಾ ಅಲ್ಯೂಮಿನಿಯಂ ಕಂಪೆನಿಗೆ ಸೇರಿದ ಗಣಿ ಪಟ್ಟಣ. 1928ರಲ್ಲಿ ಮೆಕೇ ಅವರು ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯ ವೈದ್ಯ ಗ್ರೋವರ್ ಕೆಂಪ್ಫ್ ಜೊತೆ ಅಲ್ಲಿಗೆ ಹೋದರು. ಊರಿನ ಮಕ್ಕಳ ಹಲ್ಲು ಕಲೆಗಟ್ಟಿತ್ತು. ಕೇವಲ ಐದು ಮೈಲಿ ದೂರದ ಮತ್ತೊಂದು ಊರಿನ ಮಕ್ಕಳಿಗೆ ಯಾವ ತೊಂದರೆಯೂ ಇರಲಿಲ್ಲ. ಈ ಬಾರಿಯೂ ನೀರಿನ ಪರೀಕ್ಷೆ ಏನನ್ನೂ ಹೇಳಲಿಲ್ಲ. ಇಬ್ಬರೂ ಕಂಡದ್ದನ್ನು ಬರೆದು 1930ರಲ್ಲಿ ಪ್ರಕಟಿಸಿದರು.

ವರದಿ ಕಂಪೆನಿಯ ಮುಖ್ಯ ರಸಾಯನ ವಿಜ್ಞಾನಿ ಎಚ್. ವಿ. ಚರ್ಚಿಲ್ ಅವರ ಮೇಜಿಗೆ ತಲುಪಿತು. ಅಲ್ಯೂಮಿನಿಯಂ ಪಾತ್ರೆಗಳು ವಿಷಕಾರಿ ಎಂಬ ಪ್ರಚಾರವನ್ನು ಅಲ್ಲಗಳೆಯುವುದರಲ್ಲೇ ಅವರು ಕೆಲವು ವರ್ಷ ಕಳೆದಿದ್ದರು. ಕಂಪೆನಿಯ ಊರಿನ ನೀರಿನಿಂದಲೇ ಹಲ್ಲು ಕೆಡುತ್ತಿದೆ ಎಂಬ ಸುದ್ದಿ ಹಬ್ಬಿದರೆ ಆ ಪ್ರಚಾರಕ್ಕೆ ಹೊಸ ಬಲ ಬರುತ್ತದೆಂಬ ಆತಂಕ ಅವರದು. ಹೀಗಾಗಿ ರೋಹಿತ ವಿಶ್ಲೇಷಣೆ ಎಂಬ ಸೂಕ್ಷ್ಮ ವಿಧಾನದಿಂದ ನೀರನ್ನು ಪರೀಕ್ಷಿಸಲು ಸಹಾಯಕರಿಗೆ ಆದೇಶಿಸಿದರು. ಫಲಿತಾಂಶವನ್ನು ಮೊದಲಿಗೆ ಚರ್ಚಿಲ್ ಅವರೇ ನಂಬಲಿಲ್ಲ. ಮತ್ತೊಂದು ಮಾದರಿ ತರಿಸಿ ನೋಡಿದರೂ ಉತ್ತರ ಬದಲಾಗಲಿಲ್ಲ. ಬಾಕ್ಸೈಟ್ ಊರಿನ ನೀರಿನಲ್ಲಿ ಲೀಟರಿಗೆ 13.7 ಮಿಲಿಗ್ರಾಂ ಫ್ಲೋರೈಡ್ ಇತ್ತು.

1931ರ ಜನವರಿಯಲ್ಲಿ ಚರ್ಚಿಲ್ ಅವರಿಂದ ಮೆಕೇ ಅವರಿಗೆ ಐದು ಪುಟಗಳ ಪತ್ರ ಬಂದಿತು. ಕಲೆ ಕಂಡುಬಂದ ಇತರ ಊರುಗಳ ನೀರನ್ನೂ ಕಳುಹಿಸಿಕೊಡುವಂತೆ ಅದರಲ್ಲಿ ವಿನಂತಿ ಇತ್ತು. ಎಲ್ಲಿಂದ ತರಿಸಬೇಕೆಂಬುದು ಮೆಕೇ ಅವರಿಗೆ ಕರತಲಾಮಲಕ. ಮೂವತ್ತು ವರ್ಷ ಅವರು ಕೂಡಿಟ್ಟಿದ್ದು ಅದೇ ಪಟ್ಟಿಯನ್ನು. ಕೊಲರಾಡೊ ಸ್ಪ್ರಿಂಗ್ಸ್ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ಫ್ಲೋರೈಡ್ ದೊರೆಯಿತು. ಇತರ ಊರುಗಳ ನೀರೂ ಅದೇ ಸಾಕ್ಷ್ಯ ನುಡಿಯಿತು. ಅದೇ ವರ್ಷ ಅರಿಜೋನಾ ವಿಶ್ವವಿದ್ಯಾಲಯದ ಮಾರ್ಗರೆಟ್ ಸ್ಮಿತ್ ಮತ್ತು ಸಂಗಡಿಗರು ಇಲಿಗಳ ಮೇಲಿನ ಪ್ರಯೋಗದಿಂದ ಸ್ವತಂತ್ರವಾಗಿ ಅದೇ ನಿರ್ಣಯಕ್ಕೆ ಬಂದರು.

ಶಾಪದೊಳಗಿನ ವರ

ಮುಂದಿನ ಹೊಣೆಯನ್ನು ಸರ್ಕಾರಿ ದಂತ ವೈದ್ಯ ಟ್ರೆಂಡ್ಲಿ ಡೀನ್ ಹೊತ್ತುಕೊಂಡರು. ಮೆಕೇ ಗುರುತಿಸಿದ್ದ ಊರುಗಳ ಜಾಡು ಹಿಡಿದು ಹೊರಟ ಅವರು, ಯಾವ ಪ್ರಮಾಣದ ಫ್ಲೋರೈಡ್‌ನಿಂದ ಎಷ್ಟು ಕಲೆ ಎಂಬುದನ್ನು ಲೆಕ್ಕ ಹಾಕಿದರು. ಕಲೆಯ ತೀವ್ರತೆ ಅಳೆಯಲು ಅವರು ರೂಪಿಸಿದ ಸೂಚ್ಯಂಕ ಇಂದಿಗೂ ಬಳಕೆಯಲ್ಲಿದೆ. 21 ನಗರಗಳ 7,257 ಮಕ್ಕಳನ್ನು ಪರೀಕ್ಷಿಸಿದ ಡೀನ್ ತಂಡಕ್ಕೆ, ನೀರಿನಲ್ಲಿ ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇರುವಲ್ಲಿ ಕಲೆ ನಗಣ್ಯವೆಂಬುದೂ, ಹುಳುಕು ಗಣನೀಯವಾಗಿ ಕಡಿಮೆಯೆಂಬುದೂ ಮನದಟ್ಟಾಯಿತು. ಮೆಕೇ ಮತ್ತು ಬ್ಲ್ಯಾಕ್ ಗಮನಿಸಿದ್ದ ಆ ಎರಡನೆಯ ಸಂಗತಿಗೆ ಹೀಗೆ ಲೆಕ್ಕದ ಆಧಾರ ಸಿಕ್ಕಿತು.

1945ರ ಜನವರಿ 25ರಂದು ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್ಯಾಪಿಡ್ಸ್ ನಗರ ತನ್ನ ಕುಡಿಯುವ ನೀರಿಗೆ ಅಳತೆ ಮಾಡಿ ಫ್ಲೋರೈಡ್ ಬೆರೆಸಿತು. ಜಗತ್ತಿನಲ್ಲಿ ಅದು ಮೊದಲ ಪ್ರಯತ್ನ. ಸುಮಾರು 30,000 ಶಾಲಾ ಮಕ್ಕಳನ್ನು ವರ್ಷಾನುಗಟ್ಟಲೆ ಗಮನಿಸಿದಾಗ, ಯೋಜನೆಯ ನಂತರ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇ 60ಕ್ಕೂ ಹೆಚ್ಚು ತಗ್ಗಿತ್ತು. ಫ್ಲೋರೈಡ್ ಟೂತ್‌ಪೇಸ್ಟ್ ಮನೆಮನೆ ತಲುಪಿದ ಮೇಲೆ ನೀರಿಗೆ ಬೆರೆಸುವುದರ ಲಾಭ ಮೊದಲಿನಷ್ಟಿಲ್ಲ ಎಂದು ಇತ್ತೀಚಿನ ಅಧ್ಯಯನಗಳು ಹೇಳುತ್ತವೆ. 2025ರಲ್ಲಿ ಯೂಟಾ ಮತ್ತು ಫ್ಲೋರಿಡಾ ರಾಜ್ಯಗಳು ಈ ಪದ್ಧತಿಯನ್ನು ನಿಷೇಧಿಸಿದ್ದು, ಅಮೆರಿಕದಲ್ಲಿ ವಾದ ವಿವಾದ ಮುಂದುವರಿದಿದೆ.

ಕನ್ನಡ ನಾಡಿನ ಪಾಠ

ಭಾರತಕ್ಕೆ ಫ್ಲೋರೈಡ್‌ನ ಮತ್ತೊಂದು ಮುಖ ಪರಿಚಯವಾದದ್ದು 1937ರಲ್ಲಿ. ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರಿನಲ್ಲಿ ಎಚ್. ಇ. ಶಾರ್ಟ್ ಮತ್ತು ಸಂಗಡಿಗರು, ಹೆಚ್ಚು ಫ್ಲೋರೈಡ್ ಇರುವ ನೀರನ್ನು ದೀರ್ಘಕಾಲ ಕುಡಿದವರ ಬೆನ್ನು ಬಾಗದಂತೆ, ಕೀಲು ಮಡಚದಂತೆ ಸೆಟೆದು ನಿಲ್ಲುವುದನ್ನು ದಾಖಲಿಸಿದರು. ಹಲ್ಲಿನ ಕಲೆ ಬಾಲ್ಯದಲ್ಲೇ ಸಿಗುವ ಮುನ್ಸೂಚನೆ. ಅದನ್ನು ಕಡೆಗಣಿಸಿ ಅದೇ ನೀರು ಕುಡಿಯುತ್ತ ಹೋದರೆ ಮೂಳೆಗೂ ಅಪಾಯ ತಪ್ಪಿದ್ದಲ್ಲ.

ಅಮೆರಿಕದ ಬಹುತೇಕ ನಗರಗಳ ಸಮಸ್ಯೆ ಫ್ಲೋರೈಡ್ ಕೊರತೆಯಾಗಿತ್ತು. ಕರ್ನಾಟಕದ ಒಣಸೀಮೆಯ ಸಮಸ್ಯೆ ಅದರ ಅತಿಯಾದ ಪ್ರಮಾಣ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಗದಗ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಹಲವು ಹಳ್ಳಿಗಳು ಇದರ ಭಾರ ಹೊತ್ತಿವೆ. ಅಲ್ಲಿ ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗ ಹುಡುಗಿಯರು ಹಲ್ಲುಜ್ಜದ ಸೋಮಾರಿಗಳೆಂದು ಅನಿಸಿಕೊಳ್ಳುವುದುಂಟು. ಕಲೆಗೂ ಉಜ್ಜುವಿಕೆಗೂ ಸಂಬಂಧವಿಲ್ಲ ಎಂಬುದನ್ನು ಬ್ಲ್ಯಾಕ್ ಅವರ ಸೂಕ್ಷ್ಮದರ್ಶಕ ನೂರು ವರ್ಷಗಳ ಹಿಂದೆಯೇ ತೋರಿಸಿತ್ತು. ಇದ್ದಿಲು, ಇಟ್ಟಿಗೆ ಪುಡಿಯಿಂದ ತಿಕ್ಕಿದರೆ ಹಲ್ಲು ಸವೆಯುತ್ತದೆಯೇ ವಿನಾ ಕಲೆ ಹೋಗುವುದಿಲ್ಲ.

ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅವಕಾಶವಿದೆ. ಫ್ಲೋರೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಈ ಪ್ರಮಾಣದಲ್ಲಿ ನಾಲಗೆಗೂ ತಿಳಿಯುವುದಿಲ್ಲ. ನೀರು ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಮಾತ್ರ ಉಳಿಯುತ್ತದೆ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಪರೀಕ್ಷೆಯೊಂದೇ ದಾರಿ. ಕಾವೇರಿ ನೀರು ತಲುಪದೆ ಕೊಳವೆಬಾವಿ, ಟ್ಯಾಂಕರ್‌ಗಳನ್ನು ನೆಚ್ಚಿಕೊಂಡ ಬೆಂಗಳೂರಿನ ಹೊರವಲಯದ ಬಡಾವಣೆಗಳಿಗೂ ಈ ಮಾತು ಅನ್ವಯಿಸುತ್ತದೆ. ಮಗುವಿಗೆ ಎಂಟು ವರ್ಷ ತುಂಬುವವರೆಗೆ ಕುಡಿಸುವ ನೀರು ವಿಶೇಷವಾಗಿ ಮುಖ್ಯ. ಮುಂಭಾಗದ ಶಾಶ್ವತ ಹಲ್ಲುಗಳು ರೂಪುಗೊಳ್ಳುವುದು ಆ ಅವಧಿಯಲ್ಲಿ.

ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಆರಂಭವಾದದ್ದು 1958ರಲ್ಲಿ. ನಂತರದ ದಶಕಗಳಲ್ಲಿ ರಾಜ್ಯದಲ್ಲಿ ಹತ್ತಾರು ದಂತ ವೈದ್ಯಕೀಯ ಕಾಲೇಜುಗಳು ತಲೆ ಎತ್ತಿದವು. ಅವುಗಳಲ್ಲಿ ಸಮುದಾಯ ದಂತ ಆರೋಗ್ಯ ಪ್ರತ್ಯೇಕ ವಿಭಾಗವಾಗಿದೆ. ಕಾಲೇಜುಗಳ ವಿದ್ಯಾರ್ಥಿಗಳು ಡೀನ್ ಸೂಚ್ಯಂಕ ಹಿಡಿದು ಹಳ್ಳಿ ಶಾಲೆಗಳ ಮಕ್ಕಳ ಹಲ್ಲು ಎಣಿಸುತ್ತಾರೆ, ಪ್ರಬಂಧ ಮಂಡಿಸುತ್ತಾರೆ. 2008–09ರಿಂದ ಕೇಂದ್ರ ಸರ್ಕಾರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮವೂ ಜಾರಿಯಲ್ಲಿದೆ. ಹಲವು ಗ್ರಾಮಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ಇಷ್ಟೆಲ್ಲ ಇದ್ದೂ ಪ್ರಬಂಧದಲ್ಲಿ ದಾಖಲಾದ ಅಂಕಿ ಗ್ರಾಮ ಪಂಚಾಯಿತಿಯ ಕಚೇರಿಗೆ ತಲುಪದಿದ್ದರೆ, ಘಟಕ ಕೆಟ್ಟು ನಿಂತರೆ, ಅದೇ ಬಾವಿಯ ನೀರನ್ನು ಮುಂದಿನ ತಲೆಮಾರೂ ಕುಡಿಯುತ್ತದೆ. ಓಕ್ಲಿಯಲ್ಲಿ ವೈದ್ಯರು ಕಂಡದ್ದನ್ನು ಊರಿನ ಮುಖಂಡರಿಗೆ ಹೇಳಿದ್ದರು, ಮುಖಂಡರು ಕೊಳವೆ ಬದಲಿಸಿದ್ದರು. ಅಷ್ಟಕ್ಕೇ ನಿಲ್ಲದೆ ಎಂಟು ವರ್ಷಗಳ ನಂತರ ವೈದ್ಯರು ಮತ್ತೆ ಹೋಗಿ ಫಲಿತಾಂಶ ನೋಡಿದ್ದರು.

ಮೆಕೇ ಕೊನೆಯ ವರ್ಷಗಳಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ಗೆ ಮರಳಿ ಅಲ್ಲೇ ನೆಲೆಸಿದರು. ತಾವು ಯುವಕರಾಗಿದ್ದಾಗ ಎತ್ತಿದ ಪ್ರಶ್ನೆಯ ಫಲವಾಗಿ ಅನೇಕ ನಗರಗಳು ಮಕ್ಕಳ ಹಲ್ಲು ಕಾಪಾಡುವ ಕ್ರಮ ಕೈಗೊಂಡದ್ದನ್ನು ಕಣ್ಣಾರೆ ಕಂಡರು. 1959ರಲ್ಲಿ, 85ನೇ ವಯಸ್ಸಿನಲ್ಲಿ ನಿಧನರಾದರು. ಅವರು ಯಾವ ಪ್ರಸಿದ್ಧ ಪ್ರಯೋಗಾಲಯದ ಒಡೆಯರೂ ಆಗಿರಲಿಲ್ಲ, ಫ್ಲೋರೈಡ್ ಅನ್ನು ಮೊದಲು ಗುರುತಿಸಿದವರೂ ಅವರಲ್ಲ. ಊರ ಜನರ ಮಾತು ಕೇಳಿಸಿಕೊಂಡು ಅದನ್ನು ಬಲ್ಲವರ ಬಳಿಗೆ ಒಯ್ಯುವ ಕೆಲಸವನ್ನು ಮೂವತ್ತು ವರ್ಷ ಬಿಡದೆ ಮಾಡಿದರು. ಕುದೂರಿನಂತಹ ಹೋಬಳಿ ಕೇಂದ್ರಗಳಲ್ಲಿ ಶಿಬಿರ ನಡೆಸುವ ಯುವ ದಂತ ವೈದ್ಯರು ಮಕ್ಕಳ ಹಲ್ಲು ನೋಡುವುದರ ಜೊತೆಗೆ, ಅವರು ಯಾವ ಬಾವಿಯ ನೀರು ಕುಡಿಯುತ್ತಾರೆ ಎಂದು ಕೇಳಿ ಬರೆದುಕೊಂಡರೆ ಮೆಕೇ ಅವರ ಕೆಲಸ ಇಲ್ಲಿಯೂ ಮುಂದುವರಿದಂತೆ.